ಆಡಿನ ಕೂದಲ ಹೊಸ್ತಿಲು

ನಮ್ಮ ಮನೆಗೆ ಬರುವವರು ಸಾಮಾನ್ಯವಾಗಿ ಎಡವಿಯೇ ಒಳಗೆ ಬರುತ್ತಾರೆ. ಕೊರಿಯರಿನವನು, ಗ್ಯಾಸಿನವನು, ಮೇಲಿನ ಮಹಡಿಯ ಗುಜರಾತಿ ದಂಪತಿ, ನೀರಿನ ಫಿಲ್ಟರ್ ಮಾರಲು ಬರುವ ಟೈ ಕಟ್ಟಿದ ಯುವಕರು, ಯಾರೂ ಇದಕ್ಕೆ ಹೊರತಲ್ಲ. ಮುಂಬಾಗಿಲ ಬುಡದಲ್ಲಿ, ಚೌಕಟ್ಟಿನ ಈ ಕಾಲಿನಿಂದ ಆ ಕಾಲಿಗೆ, ಒಂದು ಹಗ್ಗ ಬಿಗಿದಿದೆ. ಹೆಬ್ಬೆರಳಿಗಿಂತ ದಪ್ಪ, ಕಪ್ಪೂ ಅಲ್ಲದ ಬೂದಿಯೂ ಅಲ್ಲದ ಬಣ್ಣ, ಬರಿಗಾಲಿಗೆ ತಗಲಿದರೆ ಕರಿ ಕಂಬಳಿಯಂತೆ ಚುಚ್ಚುತ್ತದೆ. ಒಮ್ಮೆ ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್, "ಸಾರ್, ಇಕ್ಕಡ ಏದೋ ವೈರು ಪಡಿಂದಿ" ಎಂದು ಕೂತು ಅದಕ್ಕೆ ಟೆಸ್ಟರ್ ಹಿಡಿದು ನೋಡಿದ. ನನ್ನ ಹೆಂಡತಿ ವಸುಧಾ ಒಳಗಿನಿಂದಲೇ, "ಅದಿ ವೈರು ಕಾದು, ಗಡಪ" ಎಂದಳು. ಅದು ವೈರಲ್ಲ, ಹೊಸ್ತಿಲು ಎಂದು, ತೆಲುಗಿನಲ್ಲಿ. ಅವನು ಹಗ್ಗವನ್ನೂ ಅದರ ಮೇಲಿದ್ದ ಅರಿಶಿನ ಕುಂಕುಮವನ್ನೂ ನೋಡಿದ, ನನ್ನನ್ನೂ ನೋಡಿದ, ಟೆಸ್ಟರ್ ಜೇಬಿಗೆ ಹಾಕಿಕೊಂಡು, ಚಪ್ಪಲಿ ಕಳಚಿ ದಾಟಿದ.

ಹಗ್ಗ ಹೊಸ್ತಿಲಾದದ್ದು ಹೇಗೆ ಎಂದು ಹೇಳಬೇಕಾದರೆ ನಮ್ಮ ಅವ್ವನಿಂದ ಶುರು ಮಾಡಬೇಕು. ಅವ್ವನಿಂದ ಶುರು ಮಾಡಿದರೆ ಬಾಲಾನಗರಕ್ಕೆ ಹೋಗದೆ ವಿಧಿಯಿಲ್ಲ. ನಿಮಗೆ ಬೇರೆ ಕೆಲಸವಿದ್ದರೆ ಮಾಡಿಕೊಂಡು ಬನ್ನಿ, ನಾನು ಇಲ್ಲೇ ಇರುತ್ತೇನೆ.

ಹೈದರಾಬಾದಿನ ಬಾಲಾನಗರದಲ್ಲಿ ವಿಮಾನದ ಉಪಕರಣಗಳನ್ನು ಮಾಡುವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಮ್ಮಪ್ಪ ಕೆಲಸಕ್ಕಿದ್ದರು. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಸುತ್ತಲೂ ಲೇತ್ ಮಶೀನುಗಳ ಕಿರ್ರೆನ್ನುವ ಸದ್ದು, ಗಾಳಿಯಲ್ಲಿ ಕಬ್ಬಿಣದ ವಾಸನೆ. ಮನೆಯೊಳಗೆ ರಾಯಚೂರು ಕನ್ನಡ, ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ. ಹೀಗೆ ಮೂರು ಭಾಷೆಯನ್ನೂ ಸಮಾನವಾಗಿ ಕೆಡಿಸಿ ಬೆಳೆದವನು ನಾನು. ಆ ಮನೆಗೆ ಕೆಂಪು ಬಣ್ಣ ಬಳಿದ ಒಂದು ಎತ್ತರದ ಹೊಸ್ತಿಲಿತ್ತು. ಮಧ್ಯಾಹ್ನದ ಹೊತ್ತು ಇಡೀ ಮನೆಯಲ್ಲಿ ತಣ್ಣಗಿರುತ್ತಿದ್ದದ್ದು ಅದೊಂದೇ, ಹಾಗಾಗಿ ನಾನು ಅದರ ಮೇಲೆ ಕೂತು ಪೇರಲಹಣ್ಣು ತಿನ್ನುತ್ತಿದ್ದೆ. ಅಡುಗೆಮನೆಯಿಂದ ಅವ್ವನ ದನಿ ಬರುತ್ತಿತ್ತು.

"ಮಲ್ಲ್ಯಾ, ಹೊಸ್ತಲ ಮ್ಯಾಲ ಕೂಡಬ್ಯಾಡಂತ ಎಷ್ಟು ಸಲ ಹೇಳ್ಬೇಕೋ? ಒಳಗರ ಬಾ, ಹೊರಗರ ಹೋಗು."

ನನ್ನ ಹೆಸರು ಮಲ್ಲಿಕಾರ್ಜುನ. ಆಫೀಸಿನಲ್ಲಿ ನನ್ನನ್ನು ಮ್ಯಾಲಿಕ್ ಅನ್ನುತ್ತಾರೆ. ಅಮೆರಿಕದವರ ನಾಲಿಗೆಯ ಆರೋಗ್ಯಕ್ಕಾಗಿ ನಾನೇ ಒಪ್ಪಿಕೊಂಡದ್ದು. ಅವ್ವನಿಗೆ ಮಾತ್ರ ನಾನು ಇಂದಿಗೂ ಮಲ್ಲ್ಯಾ.

ಅಪ್ಪ ಹೋದ ಮೇಲೆ ಅವ್ವನನ್ನು ನಾವು ಹೈದರಾಬಾದಿನಲ್ಲೇ ಕೊಂಡಾಪುರದ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದೆವು. ಆಗ ಕೊಂಡಾಪುರ ಎಂದರೆ ದಿನಕ್ಕೊಂದು ರೂಪ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಕಂಡ ಬಂಡೆ ಸಂಜೆ ಬರುವಾಗ ಇರುತ್ತಿರಲಿಲ್ಲ, ಅದರ ಜಾಗದಲ್ಲಿ ಒಂದು ಬೋರ್ಡು ಇರುತ್ತಿತ್ತು. ಕೊರಳಲ್ಲಿ ಕಂಪನಿಯ ಬಿಲ್ಲೆ ತೂಗುಹಾಕಿಕೊಂಡ ನಮ್ಮಂಥವರು ರಸ್ತೆ ತುಂಬ ಓಡಾಡುತ್ತಿದ್ದೆವು. ನಮ್ಮದು ನಾಲ್ಕನೆಯ ಮಹಡಿಯ ನಾಕ್ನೂರಾ ಮೂರು. ಅಮೃತಶಿಲೆಯ ನೆಲ, ಬಾಲ್ಕನಿ, ಎರಡು ಲಿಫ್ಟು. ಅವ್ವ ಮೊದಲ ದಿನ ಬಾಗಿಲಲ್ಲಿ ನಿಂತು ನೆಲ ನೋಡಿದಳು. ಹೊರಗಿನ ಕಲ್ಲು ನೇರವಾಗಿ ಹರಿದು ಒಳಗೆ ಹೋಗಿತ್ತು. ಈಗಿನ ಬಿಲ್ಡರುಗಳು ಹೊಸ್ತಿಲು ಇಡುವುದಿಲ್ಲ.

"ಹೊಸ್ತಲ ಎಲ್ಲೈತಿ?"

"ಇಲ್ಲಬೇ ಅವ್ವಾ. ಈಗ ಹಂಗ ಕಟ್ಟತಾರ."

"ಮತ್ತ ಒಳಗ ಬಂದೀನಂತ ಹ್ಯಾಂಗ ತಿಳೀಬೇಕು?"

ಅವ್ವ ಬಂದಳು, ಆದರೆ ಒಂದು ವರ್ಷ ಕಳೆದರೂ ಒಳಗೆ ಬಂದಂತೆ ಕಾಣಲಿಲ್ಲ. ಬಾಲಾನಗರದಿಂದ ತಂದ ಹಸಿರು ಟ್ರಂಕು ಬಾಗಿಲ ಹಿಂದೆಯೇ ಇತ್ತು. ಅದರಿಂದ ಒಂದು ಸೀರೆ ತೆಗೆಯುವುದು, ಉಟ್ಟು ಒಗೆದು ಮತ್ತೆ ಅದರಲ್ಲೇ ಮಡಿಸಿಡುವುದು. ವಸುಧಾ ಅವ್ವನಿಗೆಂದೇ ಒಂದು ಬೀರು ಖಾಲಿ ಮಾಡಿಟ್ಟಿದ್ದಳು. "ಅತ್ತೆ, ಸೀರೆಯೆಲ್ಲ ಇದರಲ್ಲಿ ಜೋಡಿಸಿಕೊಡಲಾ?" ಎಂದು ಕೇಳಿದಾಗಲೆಲ್ಲ ಅವ್ವ ನಗುತ್ತ, "ಇರ್ಲಿ ಬಿಡವಾ, ಲಾಡ್ಜಿನಾಗ ಇದ್ದವರು ಬ್ಯಾಗ ಖಾಲಿ ಮಾಡ್ತಾರೇನು?" ಅನ್ನುತ್ತಿದ್ದಳು. ದೇವರ ಫೋಟೋಗಳು ಫ್ರಿಜ್ಜಿನ ಮೇಲೆ ನಿಂತೇ ಇದ್ದವು. ಇನ್ನು ಮನೆಯ ಹೆಸರಿನ ವಿಷಯ ಬಂದರೆ, "ಹೆಸರಿಲ್ಲ, ನಂಬರ ಐತಿ. ಜೇಲಿನಾಗೂ ಹಿಂಗ ಅಂತ."

ಅತ್ತೆ ಸೊಸೆಗೆ ಜಗಳವಾಗಿದ್ದರೆ ರಾಜಿ ಮಾಡಿಸಬಹುದಿತ್ತು. ಇಬ್ಬರೂ ಸೇರಿ ನನ್ನನ್ನು ಆಡಿಕೊಂಡು ನಗುತ್ತಿದ್ದರು, ಅಷ್ಟು ಅನ್ಯೋನ್ಯ. ಆದರೂ ಆ ವರ್ಷ ಶ್ರಾವಣದಲ್ಲಿ ಅವ್ವ ರಾಯಚೂರಿಗೆ ರೈಲಿನ ಟಿಕೀಟು ತೆಗೆಸಿದಳು. "ದಸರಾಕ್ಕ ನಿಮ್ಮಕ್ಕನ ಮನೀಗಿ ಹೋಗ್ತೀನಿ. ಟ್ರಂಕೂ ಒಯ್ತೀನಿ. ಆಮ್ಯಾಲ ನೋಡೂಣು." ಅಕ್ಕನ ಮನೆಗೆ ಅಂಗಳವಿದೆ, ತುಳಸಿಕಟ್ಟೆಯಿದೆ, ಮುಂದೊಂದು ಹಿಂದೊಂದು ಹೊಸ್ತಿಲಿದೆ. ಅಲ್ಲಿಗೆ ಟ್ರಂಕು ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೂ ಗೊತ್ತು, ವಸುಧಾಳಿಗೂ ಗೊತ್ತು.

ಅವ್ವ ಹೋಗುವ ಮುಂಚೆ ಎಲ್ಲರೂ ಸೇರಿ ಎಲ್ಲಾದರೂ ಹೋಗಿಬರೋಣ ಎಂದು ಹಟ ಹಿಡಿದವಳು ವಸುಧಾ. ಮೈಸೂರಿನವಳು, ಪ್ರವಾಸವೆಂದರೆ ಪ್ರಾಣ. ಕಂಪ್ಯೂಟರಿನಲ್ಲಿ ಹುಡುಕಿ ಹಿಮಾಚಲದ ಯಾವುದೋ ಕಣಿವೆಯ ಪುಟವೊಂದನ್ನು ತೆರೆದು ಅವ್ವನಿಗೆ ಓದಿ ಹೇಳಿದಳು. "ನೂರಾರು ವರ್ಷ ಹಳೆಯ ಬೆಟ್ಟದ ಹಳ್ಳಿಗಳಂತೆ ಅತ್ತೆ, ಜೀವಂತ ಸಂಪ್ರದಾಯಗಳನ್ನು ನೋಡಬಹುದಂತೆ."

"ಮತ್ತ ಸತ್ತ ಸಂಪ್ರದಾಯ ಯಾರರ ತೋರಿಸ್ತಾರೇನವಾ?" ಎಂದಳು ಅವ್ವ. ಆದರೆ ಸಂಜೆಯೇ ರೊಟ್ಟಿ ಬಡಿಯಲು ಕೂತಳು.

ಆಗಿನ್ನೂ ಬೇಗಂಪೇಟೆಯಲ್ಲೇ ವಿಮಾನ ಹತ್ತುತ್ತಿದ್ದ ಕಾಲ. ಬಾಲಾನಗರದ ನಮ್ಮ ಮಾಳಿಗೆಯಿಂದ ಅಲ್ಲಿ ಇಳಿಯುವ ವಿಮಾನಗಳಿಗೆ ಕೈಬೀಸುತ್ತ ಬೆಳೆದವನು ನಾನು. ಈಗ ಅದರೊಳಗೆ ಅವ್ವನನ್ನು ಕೂರಿಸಿಕೊಂಡು ಹೋಗುವ ದೊಡ್ಡಸ್ತಿಕೆಯಲ್ಲಿದ್ದೆ. ತಪಾಸಣೆಯವರು ಅವ್ವನ ಚೀಲದಿಂದ ಕಟಕ ರೊಟ್ಟಿಯ ದೊಡ್ಡ ಗಂಟು ಹೊರತೆಗೆದು, ಇದೇನೆಂದು ಬೆರಳಲ್ಲಿ ಬಡಿದು ನೋಡಿದರು. ಟಕ್ ಟಕ್ ಎಂದಿತು. ಅವ್ವ ತನ್ನ ಹೈದರಾಬಾದಿ ಹಿಂದಿಯಲ್ಲಿ, "ಖಾಕೆ ದೇಖೋ ಜೀ, ಮಾರ್‌ಕೆ ಕೈಕು ದೇಖ್‌ರೇ?" ಎಂದಳು. ತಿಂದು ನೋಡಿ, ಹೊಡೆದು ಯಾಕೆ ನೋಡುತ್ತೀರಿ ಎಂದರ್ಥ. ಅವರು ನಕ್ಕು ಒಂದು ಚೂರು ಮುರಿದುಕೊಂಡೇ ಬಿಟ್ಟರು.

ದಿಲ್ಲಿಯಿಂದ ಬಸ್ಸು, ಬಸ್ಸಿನಿಂದ ಜೀಪು, ಜೀಪು ನಿಂತಲ್ಲಿಂದ ಕಾಲುದಾರಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಶನಿವಾರ ಕೊಂಡಾಪುರದ ಅರ್ಧ ಜನ ಅಲ್ಲಿರುತ್ತಾರೆ, ಉಳಿದರ್ಧ ದಾರಿಯಲ್ಲಿರುತ್ತಾರೆ. ಈ ಏರು ಹತ್ತಲೆಂದೇ ನಾನು ಆಫೀಸಿನ ಜಿಮ್ಮಿನಲ್ಲಿ ಎರಡು ತಿಂಗಳು ಓಡಿದ್ದೆ. ಓಡಿದ್ದು ನಿಂತ ಜಾಗದಲ್ಲೇ ಆದ್ದರಿಂದ ಬೆಟ್ಟಕ್ಕೆ ಅದು ತಿಳಿದಿರಲಿಲ್ಲ. ಮೊದಲ ತಿರುವಿನಲ್ಲೇ ನನ್ನ ಉಸಿರು ಹಾರ್ಮೋನಿಯಂ ಬಾರಿಸತೊಡಗಿತು. ರಾಯಚೂರು ಸೀಮೆಯ ಬಂಡೆಗುಡ್ಡಗಳ ಮೇಲೆ ಆಡು ಕಾಯ್ದು ಬೆಳೆದ ಅವ್ವ, ಸೀರೆ ತುಸು ಮೇಲಕ್ಕೆ ಸಿಕ್ಕಿಸಿ, ಬಾಯಲ್ಲಿ ಅಡಿಕೆ ಹಾಕಿಕೊಂಡು, ಮುಂದೆ ಹೋಗಿ ಕಲ್ಲಿನ ಮೇಲೆ ಕೂತು ನಮಗಾಗಿ ಕಾಯುತ್ತಿದ್ದಳು. "ಬಾರಪಾ ಮ್ಯಾಲಿಕ್ಕ" ಎಂದು ಆಫೀಸಿನ ಹೆಸರು ಹಿಡಿದೇ ಕರೆದಳು.

ಆ ಹಳ್ಳಿಯ ಮನೆಗಳನ್ನು ನೋಡಬೇಕು. ಒಂದು ಸಾಲು ಮರದ ತೊಲೆ, ಒಂದು ಸಾಲು ಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು, ಹೀಗೆ ಪೇರಿಸಿದ ಗೋಡೆ. ಮೇಲೆ ಕಲ್ಲಿನ ಚಪ್ಪಡಿಯ ಮಾಡು, ಕೆಳಗೆ ದನ, ನಡುವೆ ಜನ. ನಾವು ಉಳಿದದ್ದು ಬಿಮಲಾ ಎಂಬಾಕೆಯ ಮನೆಯಲ್ಲಿ. ಅವ್ವನ ವಾರಿಗೆಯವಳು, ಕೆಂಪು ಕೆನ್ನೆ, ತಲೆಗೆ ಬಿಗಿದ ವಸ್ತ್ರ, ಮಾತಾಡುವಾಗಲೂ ಕೈ ಏನಾದರೊಂದು ಕೆಲಸ ಮಾಡುತ್ತಲೇ ಇರುತ್ತದೆ. ಅವಳ ಮನೆಯ ಬಾಗಿಲು ನನ್ನ ಎದೆಯೆತ್ತರಕ್ಕೆ, ಹೊಸ್ತಿಲು ನನ್ನ ಮೊಣಕಾಲೆತ್ತರಕ್ಕೆ. ಕಾಲೆತ್ತಿ ದಾಟುವ ಗಡಿಬಿಡಿಯಲ್ಲಿ ತಲೆ ತಗ್ಗಿಸುವುದನ್ನು ಮರೆತೆ. ಹಣೆಗೆ ಬಿದ್ದ ಪೆಟ್ಟಿನ ಸದ್ದಿಗೆ ಕೆಳಗಿನ ದನ ಕೂಗಿತು. ಅವ್ವ ನನ್ನತ್ತ ನೋಡಲೇ ಇಲ್ಲ. ಬಗ್ಗಿ ಆ ಮರದ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದನ್ನು ಬಿಮಲಾ ನೋಡಿದಳು. ಅವರಿಬ್ಬರ ಸ್ನೇಹ ಶುರುವಾದದ್ದು ಆ ಗಳಿಗೆಯಲ್ಲಿ. ನನ್ನ ಹಣೆಗೆ ಅರಿಶಿನ ಹಚ್ಚಲು ಇಬ್ಬರಿಗೂ ನೆನಪಾದದ್ದು ಚಹಾ ಆದ ಮೇಲೆ.

ಬಿಮಲಾಳ ಹಿಂದಿ ಬೆಟ್ಟದ್ದು, ಅವ್ವನದು ಹೈದರಾಬಾದಿನದ್ದು. ಎರಡಕ್ಕೂ ದಿಲ್ಲಿಯವರು ಪಾಸು ಮಾರ್ಕು ಕೊಡಲಾರರು. ಆದರೆ ಆ ಇಬ್ಬರು ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಮಾತಾಡಿದರು. ಹಿಟ್ಟಿನೊಳಗೆ ಅಕ್ರೋಟು ತುಂಬಿ ಹಬೆಯಲ್ಲಿ ಬೇಯಿಸಿದ ತಿಂಡಿಯನ್ನು ಬಿಮಲಾ ತುಪ್ಪದೊಡನೆ ಬಡಿಸಿದಾಗ ಅವ್ವ, "ಇದು ನಮ್ಮ ಕಡಬು ಅಲ್ಲೇನ?" ಎಂದು ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ಬಿಚ್ಚಿದಳು. ಬಿಮಲಾ ಅದನ್ನು ಬೆರಳಲ್ಲಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನಷ್ಟು ಹಾಕಿಸಿಕೊಂಡಳು. ಬೇಡ ಅನ್ನಲು ಅವ್ವ ಬಳಸುವ "ನಕ್ಕೋ" ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಮರುದಿನ ಹಟ ಮಾಡುತ್ತಿದ್ದ ಕರುವಿಗೂ ಅವಳು "ನಕ್ಕೋ, ನಕ್ಕೋ" ಅನ್ನುತ್ತಿದ್ದಳು.

ನಾವು ಹೊರಡಬೇಕಿದ್ದ ದಿನವೇ ಆ ಊರಿನಲ್ಲಿ ಹಗ್ಗ ಹೊಸೆಯುವ ದಿನವಾಗಿತ್ತು. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದರೆ ದಾರಿ ಕಾಣುವುದಿಲ್ಲವಂತೆ. ನೀರಿನ ಝರಿ ಊರಿಂದ ಆಚೆ, ಇಳಿಜಾರಿನಲ್ಲಿದೆ. ಅಲ್ಲಿಯವರೆಗೆ ಮರದಿಂದ ಮರಕ್ಕೆ ಒಂದು ಉದ್ದ ಹಗ್ಗ ಕಟ್ಟುತ್ತಾರೆ. ಹಗ್ಗ ಹಿಡಿದುಕೊಂಡೇ ಹೋಗಿ ನೀರು ತರಬೇಕು. ಆಡಿನ ಕೂದಲಿನ ಈ ಹಗ್ಗವನ್ನು ಪ್ರತಿ ವರ್ಷ ಊರವರೆಲ್ಲ ಸೇರಿ ಹೊಸದಾಗಿ ಹೊಸೆಯುತ್ತಾರೆ. ಪ್ರತಿಯೊಂದು ಮನೆಯ ಎಳೆಯೂ ಅದರಲ್ಲಿರಬೇಕು. ಎಳೆ ಹಾಕುವಾಗ ಊರ ಹಿರಿಯ ಆ ಮನೆಯ ಹೆಸರನ್ನು ಗಟ್ಟಿಯಾಗಿ ಕೂಗಿ, ಒಲೆ ಉರಿಯುತ್ತಿದೆಯೇ ಎಂದು ಕೇಳುತ್ತಾನೆ. ಆ ಮನೆಯವರು ಉರಿಯುತ್ತಿದೆ ಅನ್ನಬೇಕು. ಆಗ ಎಳೆ ಒಳಗೆ ಸೇರುತ್ತದೆ.

ದೇವಸ್ಥಾನದ ಅಂಗಳದಲ್ಲಿ ನಾನು ಕ್ಯಾಮೆರಾ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ತಾವೂಜಿ ಎಂದು ಎಲ್ಲರೂ ಕರೆಯುವ ಹಿರಿಯರು ಒಂದೊಂದೇ ಮನೆ ಕೂಗುತ್ತಿದ್ದರು. ಮೇಲ್ಮನೆ, ಅಕ್ರೋಟು ಮರದ ಮನೆ, ಎರಡು ಮೆಟ್ಟಿಲಿನ ಮನೆ. ಎಲ್ಲ ಮುಗಿಯಿತು ಎನ್ನುವಾಗ ಅವರು ನಮ್ಮತ್ತ ತಿರುಗಿ ಕೈ ಚಾಚಿದರು. ಬಿಮಲಾ ಹೇಳಿದಳು, "ಹಗ್ಗದ ದಿನ ಊರಿನಲ್ಲಿ ಉಂಡವರೆಲ್ಲ ಎಳೆ ಕೊಡಬೇಕು. ನಿಮ್ಮ ಮನೆಯದು ಹಾಕಿ."

ನಾವು ಬೆಳಿಗ್ಗೆ ಅವಳ ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದೆವು. ನಾನಂತೂ ಎರಡನೆಯ ಸಲ ಹಾಕಿಸಿಕೊಂಡಿದ್ದೆ.

"ಕೊಡದಿದ್ದರೆ?" ಎಂದೆ ನಾನು.

"ತಾವೂಜಿ ಕೊನೆಯ ಗಂಟು ಹಾಕುವುದಿಲ್ಲ."

ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಸಿಟ್ಟಿಲ್ಲ, ಅವಸರವಿಲ್ಲ, ಸುಮ್ಮನೆ ಕಾಯುತ್ತಿದ್ದರು. ಎದುರು ಶಿಖರದ ಮೇಲೆ ಮೋಡ ಕೂಡುತ್ತಿತ್ತು. ಇವರ ಚಳಿಗಾಲದ ನೀರು ಈಗ ಕೊಂಡಾಪುರದವರ ಕೈಯಲ್ಲಿದೆ ಎಂದು ಯೋಚಿಸಿ ನನಗೆ ಗಾಬರಿಯಾಯಿತು. ಗಡಿಬಿಡಿಯಲ್ಲಿ ಜೇಬಿಗೆ ಕೈ ಹಾಕಿದಾಗ ಸಿಕ್ಕಿದ್ದು ಕಂಪನಿಯ ಬಿಲ್ಲೆಯ ನೀಲಿ ಪಟ್ಟಿ. ರಜೆಯಲ್ಲೂ ಅದನ್ನು ಏಕೆ ತಂದಿದ್ದೆನೋ, ದೇವರಿಗೇ ಗೊತ್ತು. ಬಿಲ್ಲೆ ಬಿಚ್ಚಿಕೊಂಡು ಪಟ್ಟಿಯನ್ನು ಕೊಟ್ಟೆ. ತಾವೂಜಿ ಅದನ್ನು ಎಳೆದು ನೋಡಿ, ಮೂಸಿ ನೋಡಿ, ಗೌರವದಿಂದಲೇ ವಾಪಸ್ಸು ಕೊಟ್ಟರು. "ಇದು ಮನೆಯದಲ್ಲ" ಎಂದರು. ವಸುಧಾ ಕೊರಳಿನ ಉಣ್ಣೆಯ ಶಾಲು ಕೊಡಲು ಹೋದಳು. ಎಲ್ಲಿಯದು ಎಂದು ಕೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು ಎಂದಳು. ದಾರಿಯಲ್ಲಿ ಕೊಂಡದ್ದೂ ನಡೆಯುವುದಿಲ್ಲ. ಮನೆಯಲ್ಲಿ ಮೈಮೇಲೆ ಇದ್ದದ್ದು ಬೇಕು.

ಅವ್ವ ನನ್ನತ್ತ ತಿರುಗಿದಳು.

"ಉಡದಾರ ಬಿಚ್ಚು."

"ಏನು?"

"ಉಡದಾರ. ಆ ಕೊಟ್ಟಿಗಿ ಹಿಂದ ಹೋಗಿ ಬಿಚ್ಚಿ ತಾ."

ನಮ್ಮ ಮನೆಯಲ್ಲಿ ದೀಪಾವಳಿಯ ಎಣ್ಣೆನೀರಿನ ದಿನ ಅವ್ವ ನನ್ನ ಸೊಂಟಕ್ಕೆ ಹೊಸ ಕರಿ ಉಡದಾರ ಕಟ್ಟುತ್ತಾಳೆ. ಮಗುವಾಗಿದ್ದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ. ಟೀಮಿನ ಹದಿನೈದು ಜನಕ್ಕೆ ಮುಖ್ಯಸ್ಥನಾದ ಮೇಲೂ ನಾನು ಟವೆಲ್ ಸುತ್ತಿಕೊಂಡು ಎಣ್ಣೆ ಸುರಿಯುತ್ತ ಅವ್ವನ ಮುಂದೆ ನಿಲ್ಲುವುದು ಇದ್ದದ್ದೇ. ಗಂಡಸಿನ ಸೊಂಟ ಬರಿದಾಗಬಾರದು ಎಂದು ಅವಳ ಕಟ್ಟಪ್ಪಣೆ. ಅಂಥವಳು ಬಿಚ್ಚು ಅನ್ನುತ್ತಿದ್ದಾಳೆ.

ಕೊಟ್ಟಿಗೆಯ ಹಿಂದೆ, ಕೊರೆಯುವ ಗಾಳಿಯಲ್ಲಿ, ಜಾಕೀಟು, ಸ್ವೆಟರು, ಅಂಗಿ, ಅದರೊಳಗಿನ ಬೆಚ್ಚನೆಯ ಬನೀನನ್ನು ಒಂದೊಂದಾಗಿ ಎತ್ತಿ ಆ ದಾರದ ಗಂಟನ್ನು ಹುಡುಕಿದೆ. ಬೆರಳು ಮರಗಟ್ಟಿತ್ತು. ಅವ್ವ ಹಾಕಿದ ಗಂಟು ಬಿಚ್ಚುವಂಥದ್ದಲ್ಲ. ಎರಡು ಆಡು ಹುಲ್ಲು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಕೀಲಿಕೈಯಿಂದ ತಿಕ್ಕಿ ಕಡಿದು ಹೊರಗೆ ಬಂದಾಗ ಅಂಗಳದ ಹೆಂಗಸರೆಲ್ಲ ಮುಖಕ್ಕೆ ಸೆರಗು ಹಿಡಿದು ನಗುತ್ತಿದ್ದರು. ಅವ್ವ ಬಿಮಲಾಳಿಗೆ ಎಲ್ಲವನ್ನೂ ವಿವರಿಸಿಯಾಗಿತ್ತು.

ತಾವೂಜಿ ಆ ಕರಿದಾರವನ್ನು ಅಂಗೈಯಲ್ಲಿಟ್ಟು ತೂಗುವಂತೆ ನೋಡಿದರು. ಮೆಚ್ಚಿದಂತೆ ತಲೆಯಾಡಿಸಿದರು. ಆಮೇಲೆ ಅವ್ವನನ್ನು ಕೇಳಿದರು.

"ಯಾವ ಮನೆಯಲ್ಲಿ ಕಟ್ಟಿದ್ದು? ಮನೆಯ ಹೆಸರು ಹೇಳು."

ನಾನು ವಸುಧಾಳ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಅವ್ವನ ಬಾಯಿಂದ ತವರೂರಿನ ಹೆಸರು ಬರುತ್ತದೆ, ಇಲ್ಲವೇ ಬಾಲಾನಗರದ ಕ್ವಾರ್ಟರ್ಸು ಬರುತ್ತದೆ ಎಂದು ನನಗೆ ಖಾತ್ರಿಯಿತ್ತು. ಎರಡರಲ್ಲಿ ಯಾವುದು ಬಂದರೂ ನನಗೆ ನೋವಾಗುತ್ತದೆ ಎಂದೂ ಗೊತ್ತಿತ್ತು. ಅಮೃತಶಿಲೆ ಹಾಸಿದ ಮನೆ ಕೊಂಡುಕೊಂಡು ಏನು ಬಂತು, ಹಡೆದವಳು ಅದನ್ನು ಮನೆ ಅನ್ನದಿದ್ದರೆ.

"ಕೊಂಡಾಪುರ" ಎಂದಳು ಅವ್ವ. ಗಂಟಲು ಸರಿಮಾಡಿಕೊಂಡು, "ನಾಕ್ನೂರಾ ಮೂರು" ಎಂದಳು. ಮತ್ತೆ ಅವರಿಗೆ ತಿಳಿಯಲೆಂದು, "ಚಾರ್ ಸೌ ತೀನ್."

ತಾವೂಜಿಗೆ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ. ಎರಡು ಮೆಟ್ಟಿಲಿನ ಮನೆ ಇರಬಹುದಾದರೆ ನಾಕ್ನೂರಾ ಮೂರರ ಮನೆ ಏಕಿರಬಾರದು? ಕಣಿವೆಗೆ ಮುಖ ಮಾಡಿ ಕೂಗಿದರು. "ಚಾರ್ ಸೌ ತೀನ್! ಒಲೆ ಉರಿಯುತ್ತಿದೆಯೇ?"

ಉರಿಯುತ್ತಿದೆ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮವ್ವ ಸುಳ್ಳು ಹೇಳುವವಳಲ್ಲ. "ನೈ ಜೀ. ಗ್ಯಾಸ್ ಬಂದ್ ಕರಕೆ ಆಯೀ" ಎಂದಳು. ಹೊರಡುವಾಗ ಗ್ಯಾಸು ಬಂದು ಮಾಡಿ ಬಂದಿದ್ದೇನೆ ಎಂದು. ಅಂಗಳದಲ್ಲಿ ಗುಜುಗುಜು ಶುರುವಾಯಿತು. ಇಂಥ ಉತ್ತರ ಆ ಹಗ್ಗ ಹಿಂದೆಂದೂ ಕೇಳಿರಲಿಲ್ಲವೆಂದು ಕಾಣುತ್ತದೆ. ಪಕ್ಕದವರೊಡನೆ ಏನೋ ಮಾತಾಡಿಕೊಂಡು ತಾವೂಜಿ ಕೇಳಿದರು, "ಹೋದ ಮೇಲೆ ಯಾರು ಹಚ್ಚುತ್ತಾರೆ?"

"ಮೈ" ಎಂದಳು ಅವ್ವ, ನಾನೇ ಎಂದು.

ಎಳೆ ಒಳಗೆ ಸೇರಿತು. ಗಂಟು ಬಿತ್ತು. ಊರವರೊಡನೆ ನಾವೂ ಹಗ್ಗ ಹಿಡಿದು ಜಗ್ಗಿದೆವು. ಬಿಮಲಾ ಆಡಿನ ಕೂದಲಿನ ಒಂದು ದಾರ ಹೊಸೆದು ತಂದು, ಮಗನ ಸೊಂಟ ಬರಿದಾಗಿರಬಾರದಲ್ಲ ಎಂದು ಅವ್ವನ ಕೈಗೆ ಕೊಟ್ಟಳು. ಅವ್ವ ಅಲ್ಲೇ ಕೊಟ್ಟಿಗೆಯ ಹಿಂದೆ ಅದನ್ನು ನನಗೆ ಕಟ್ಟಿದಳು. ಅದರ ಚುಚ್ಚುವಿಕೆಯನ್ನು ಏನೆಂದು ಬಣ್ಣಿಸಲಿ? ದಿಲ್ಲಿಯವರೆಗೂ ನಾನು ಸೀಟಿನಲ್ಲಿ ನೆಟ್ಟಗೆ ಕೂತಿರಲಿಲ್ಲ. ಮರುವಾರ ಅಮೆರಿಕದಿಂದ ಬಂದ ಗ್ರಾಹಕರ ಮುಂದೆ ಭಾಷಣ ಮಾಡುವಾಗ ನಾನು ನಡುನಡುವೆ ಸೊಂಟ ತಿರುಗಿಸುತ್ತಿದ್ದದ್ದನ್ನು ಅವರು ಉತ್ಸಾಹವೆಂದು ತಿಳಿದರು. ಕೆಲಸ ನಮಗೇ ಸಿಕ್ಕಿತು.

ಅವ್ವ ಮನೆಗೆ ಬಂದವಳೇ, ಕೈಕಾಲು ತೊಳೆಯುವ ಮುಂಚೆ, ಗ್ಯಾಸು ಹಚ್ಚಿ ಹಾಲು ಕಾಯಿಸಿದಳು. ನಾನೂ ವಸುಧಾಳೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಗೆದ್ದೆವು ಅಂದುಕೊಂಡೆವು. ಆದರೆ ದಸರಾ ಹತ್ತಿರ ಬಂದಾಗ ಅವ್ವ ಟ್ರಂಕಿಗೆ ಬೀಗ ಹಾಕಿದಳು.

"ಹಚ್ಚತೀನಿ ಅಂದಿದ್ಯಲ್ಲಬೇ ಅವ್ವಾ" ಎಂದೆ.

"ಹಚ್ಚೀನಲ್ಲೋ. ಟಿಕೀಟು ತಗಸೀನಿ, ನಿಮ್ಮಕ್ಕ ಕಾಯಾಕತ್ತಾಳ. ಆಮ್ಯಾಲ ನೋಡೂಣು."

ಲಿಂಗಂಪಲ್ಲಿ ಸ್ಟೇಷನ್ ನಮಗೆ ಹತ್ತಿರ. ಆದರೂ ಬಾಲಾನಗರದ ಕಾಲದ ರೂಢಿಯಂತೆ ಬೇಗಂಪೇಟೆಯಿಂದಲೇ ರೈಲು ಹತ್ತಿದಳು. ಹಸಿರು ಟ್ರಂಕು ಅವಳ ಜೊತೆ ಹೋಯಿತು. ಬಾಗಿಲ ಹಿಂದೆ ನೆಲದಲ್ಲಿ ಅದರ ನಾಲ್ಕು ಮೂಲೆಗಳ ಗುರುತು ಉಳಿಯಿತು. ದೀಪಾವಳಿ ಬಂತು. ಎಣ್ಣೆ ಹಚ್ಚಿಕೊಂಡೆ, ನೀರು ಹಾಕಿಕೊಂಡೆ. ಹೊಸ ಉಡದಾರ ತಾನು ಕಟ್ಟಲೇ ಎಂದು ವಸುಧಾ ಕೇಳಿದಳು. ಬೇಡವೆಂದೆ. ಆಡಿನ ಕೂದಲೇ ಸೊಂಟದಲ್ಲಿ ಉಳಿಯಿತು. ಚುಚ್ಚಿದಾಗಲೆಲ್ಲ ಅವ್ವ ನೆನಪಾಗುತ್ತಿದ್ದಳು, ಅಂದರೆ ದಿನವಿಡೀ.

ಡಿಸೆಂಬರಿನ ಒಂದು ಮಧ್ಯಾಹ್ನ ಬಿಮಲಾಳ ಫೋನು ಬಂತು. ಆ ಊರಿನಲ್ಲಿ ದೇವಸ್ಥಾನದ ಕಟ್ಟೆಯ ಮೇಲೆ ನಿಂತರೆ ಮಾತ್ರ ಮೊಬೈಲಿಗೆ ಸಿಗ್ನಲ್ಲು. ಮಾತು ತುಂಡುತುಂಡಾಗಿ ಬರುತ್ತಿತ್ತು. "ಮೊದಲ ಹಿಮ ಬಿದ್ದಿದೆ. ಇವತ್ತು ಹಗ್ಗ ಕಟ್ಟುತ್ತಿದ್ದೇವೆ. ಕಟ್ಟುವಾಗ ಇನ್ನೊಮ್ಮೆ ಎಲ್ಲ ಮನೆಗಳನ್ನೂ ಕರೆಯುತ್ತೇವೆ. ನಿನ್ನ ತಾಯಿಗೆ ಫೋನು ಕೊಡು."

"ಒಲೆ ಉರಿಯುತ್ತಿದೆ, ನಾನೇ ಹೇಳುತ್ತಿದ್ದೇನಲ್ಲ" ಎಂದೆ.

"ನೀನಲ್ಲ. ಹಚ್ಚುತ್ತೇನೆ ಅಂದವಳು ಹೇಳಬೇಕು. ಎಲ್ಲಿದ್ದಾಳೆ?"

ಮಗಳ ಮನೆಗೆ ಹೋಗಿದ್ದಾಳೆ ಎಂದೆ. ಎಂದು ಬರುತ್ತಾಳೆ ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಎರಡು ತಿಂಗಳಿನಿಂದ ಯಾರ ಹತ್ತಿರವೂ ಕೇಳದೆ ತಪ್ಪಿಸಿಕೊಂಡು ಬಂದಿದ್ದೆ. ಝರಿಯ ಬಳಿಯ ಮರಕ್ಕೆ ಬಿಗಿಯುವ ಗಂಟು ಹಾಕದೆ ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇವೆ ಎಂದು ಹೇಳಿ ಇಟ್ಟಳು.

ರಾಯಚೂರಿಗೆ ಫೋನು ಮಾಡಿದೆ. ವಿಷಯ ಹೇಳಿ, "ಅಲ್ಲಿಂದನ ಒಂದು ಮಾತು ಹೇಳಿಬಿಡಬೇ, ನಂಬರ್ ಕೊಡ್ತೀನಿ" ಎಂದೆ.

"ಸುಳ್ಳ ಹ್ಯಾಂಗ ಹೇಳ್ಲಿ?" ಎಂದಳು ಅವ್ವ. "ನಾ ಇಲ್ಲಿ ಕುಂತೀನಿ. ಅಲ್ಲಿ ಒಲಿ ಉರಿಯೂದು ನನಗ್ಹ್ಯಾಂಗ ಗೊತ್ತಾಗಬೇಕು? ಆ ಮಂದಿ ಅದನ್ನ ಹಿಡಕೊಂಡು ನೀರಿಗೆ ಹೋಗ್ತಾರೋ."

"ಮತ್ತ ಏನ್ ಮಾಡೂಣು?"

ಅವ್ವ ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ ಅಕ್ಕ ಫೋನು ಮಾಡಿ, "ಏನ್ ಹೇಳ್ದಿಯೋ ಅವ್ವಗ? ಸೀರಿ ಎಲ್ಲಾ ಟ್ರಂಕಿಗಿ ತುಂಬಾಕತ್ತಾಳ" ಎಂದಳು.

ಮರುದಿನ ಬೆಳಿಗ್ಗೆ ಬೇಗಂಪೇಟೆ ಸ್ಟೇಷನ್ನಿನಲ್ಲಿ ಅವ್ವ ಇಳಿದಳು. ದಾರಿಯುದ್ದಕ್ಕೂ ಅಕ್ಕನ ಮನೆಯ ಸುದ್ದಿ ಹೇಳಿದಳೇ ಹೊರತು ಹಗ್ಗದ ಮಾತು ಎತ್ತಲಿಲ್ಲ. ಲಿಫ್ಟಿನಿಂದ ಹೊರಬಂದವಳು ನೇರ ಅಡುಗೆಮನೆಗೆ ನಡೆದಳು. ಅಲ್ಲಿ ವಸುಧಾ ಆಗಲೇ ಒಲೆಯ ಮೇಲೆ ಉಪ್ಪಿಟ್ಟು ಇಟ್ಟಿದ್ದಳು. ಅವ್ವ ಬಾಣಲೆ ಇಳಿಸಿದಳು, ಗ್ಯಾಸು ಆರಿಸಿದಳು, ಕಡ್ಡಿ ಗೀರಿ ತಾನೇ ಮತ್ತೆ ಹಚ್ಚಿದಳು. ಉರಿಯನ್ನು ಬಗ್ಗಿ ನೋಡಿ, "ಹಚ್ಚು ಫೋನ" ಎಂದಳು.

ಬಿಮಲಾ ಎತ್ತಿದಳು. ಹಿಂದೆ ಗಾಳಿಯ ಸದ್ದು, ಜನರ ಮಾತು. ಆಮೇಲೆ ತಾವೂಜಿಯ ದನಿ, ದೂರದಿಂದ ಕೂಗಿದಂತೆ, ನಮ್ಮ ಅಡುಗೆಮನೆಯಲ್ಲಿ ಕೇಳಿತು. "ಚಾರ್ ಸೌ ತೀನ್! ಒಲೆ ಉರಿಯುತ್ತಿದೆಯೇ?"

"ಹೌ ಜೀ, ಜಲ್‌ರಾ" ಎಂದಳು ಅವ್ವ. "ಮೈಚ್ ಜಲಾಯೀ." ಉರಿಯುತ್ತಿದೆ, ನಾನೇ ಹಚ್ಚಿದ್ದೇನೆ.

ಆ ಕಡೆ ಎಲ್ಲರೂ ಏನೋ ಕೂಗಿದರು. ಇನ್ನು ಹಗ್ಗ ಬಿಗಿಯುತ್ತೇವೆ, ಹೋದ ವರ್ಷದ ಹಳೆಯ ಹಗ್ಗ ಕತ್ತರಿಸಿ ಮನೆಮನೆಗೆ ಹಂಚುವುದಿದೆ, ನಿಮ್ಮ ಮನೆಯ ಪಾಲು ಪಾರ್ಸಲಿನಲ್ಲಿ ಕಳಿಸುತ್ತೇನೆ ಎಂದಳು ಬಿಮಲಾ. ನಿಮಗೇಕೆ ತೊಂದರೆ ಎಂದು ನಾನು ನಡುವೆ ಬಾಯಿ ಹಾಕಿದೆ. "ನಕ್ಕೋ, ನಕ್ಕೋ" ಎಂದು ನನ್ನನ್ನು ಸುಮ್ಮನಾಗಿಸಿದಳು. ಆ ಪಾಲು ಮುಂದೆ ಎಲ್ಲಿ ಕೂತಿತೆಂದು ನಿಮಗೆ ಮೊದಲೇ ಹೇಳಿದ್ದೇನೆ.

ಅವ್ವ ಫೋನಿಟ್ಟು ಚಹಾಕ್ಕೆ ನೀರು ಇಟ್ಟಳು. ನಾನು ಹೊರಗೆ ಬಂದೆ. ಹಸಿರು ಟ್ರಂಕನ್ನು ಹೊತ್ತು ತಂದವನು ಗಡಿಬಿಡಿಯಲ್ಲಿ ಬಾಗಿಲ ನಡುವೆಯೇ ಇಟ್ಟುಬಿಟ್ಟಿದ್ದೆ, ಅರ್ಧ ಒಳಗೆ, ಅರ್ಧ ಹೊರಗೆ. ಅದನ್ನು ಎಲ್ಲಿಡಲಿ ಎಂದು ಕೇಳಲು ಧೈರ್ಯ ಸಾಲದೆ ಅದರ ಪಕ್ಕದಲ್ಲೇ ನಿಂತಿದ್ದೆ. ಅಡುಗೆಮನೆಯಿಂದ ದನಿ ಬಂತು.

"ಮಲ್ಲ್ಯಾ, ಬಾಗಿಲಾಗ ಯಾಕ ಇಟ್ಟಿ ಅದನ್ನ? ಒಳಗ ತಾ. ವಸುಧಾ, ಆ ಬೀರುವಿನ ಕೀಲಿ ಎಲ್ಲೈತಿ ನೋಡವಾ."